ಓಟ ಮುಗಿಯುವ ತನಕ: ಕರುಮತ್ತಂಪಟ್ಟಿ ಕಲಿಸುವ ಆರು ಸೂತ್ರಗಳು

ಕೊಯಮತ್ತೂರಿನಿಂದ ಅವಿನಾಶಿಯ ಕಡೆ ಹೊರಟರೆ ದಾರಿಯಲ್ಲಿ ಕರುಮತ್ತಂಪಟ್ಟಿ ಸಿಗುತ್ತದೆ. ಜಪಸರ ಮಾತೆಯ ದೇವಾಲಯದ ಊರು. 1846ರ ಅಕ್ಟೋಬರ್ 4ರಂದು ಇಲ್ಲಿ ಮೆಲ್ಕಿಯೋರ್ ದ ಬ್ರೆಸಿಯಾಕ್ ಎಂಬ 32 ವರ್ಷದ ಫ್ರೆಂಚ್ ಗುರುವಿಗೆ ಧರ್ಮಾಧ್ಯಕ್ಷ ದೀಕ್ಷೆಯಾಯಿತು. ದೇವರ ಕೆಲಸಕ್ಕೆ ಹೆಗಲು ಕೊಟ್ಟು, ಈಗ ಸಾಕಪ್ಪಾ ಎನಿಸುತ್ತಿರುವವರು ಅವರ ಮುಂದಿನ 13 ವರ್ಷಗಳನ್ನು ಒಮ್ಮೆ ನೋಡಬೇಕು.

1. ಕುರ್ಚಿ ಬೇರೆ, ಕರೆ ಬೇರೆ. ಜಾತಿಯ ಕಟ್ಟುಪಾಡುಗಳನ್ನೂ ಸ್ಥಳೀಯ ಆಚರಣೆಗಳನ್ನೂ ಧರ್ಮಸಭೆಯೊಳಗೆ ಎಷ್ಟರಮಟ್ಟಿಗೆ ಒಪ್ಪಬಹುದು ಎಂಬ ಪ್ರಶ್ನೆ ಬ್ರೆಸಿಯಾಕರ ಮನಸ್ಸಾಕ್ಷಿಯನ್ನು ಕೊರೆಯಿತು. 1854ರಲ್ಲಿ ರೋಮಿಗೆ ಹೋದರು, ಪದವಿ ಬಿಟ್ಟರು. ಸೋತು ಮನೆ ಸೇರಿದರೇ? ಇಲ್ಲ. 1856ರ ಡಿಸೆಂಬರ್ 8ರಂದು ಲಿಯೋನ್ ನಗರದಲ್ಲಿ, ಆಫ್ರಿಕಾದ ಸೇವೆಗೆಂದೇ ಹೊಸ ಸಂಘ ಕಟ್ಟಿದರು. ಒಂದು ಬಾಗಿಲು ಮುಚ್ಚಿದ್ದಕ್ಕೆ ದೇವರೇ ಕೈಬಿಟ್ಟನೆಂದು ಕೂತುಬಿಡುವವರನ್ನು ಕಂಡಾಗಲೆಲ್ಲ ನನಗೆ ಇವರ ನೆನಪಾಗುತ್ತದೆ.

2. ನಿಮ್ಮ ನಂತರದವರನ್ನು ಈಗಲೇ ಬೆಳೆಸಿ. ಈ ಮಣ್ಣಿನ ಮಕ್ಕಳೇ ಗುರುಗಳಾಗಬೇಕು ಎಂದು ಇಲ್ಲಿದ್ದಾಗ ಬ್ರೆಸಿಯಾಕ್ ಪಟ್ಟು ಹಿಡಿದಿದ್ದರು. ಆ ಕಾಲಕ್ಕೆ ಅದು ಎಲ್ಲರಿಗೂ ರುಚಿಸುವ ಮಾತಾಗಿರಲಿಲ್ಲ.

3. ಎಳೆ ಕಡಿದಾಗಲೇ ಗಂಟು ಹಾಕಿ. ಕರುಮತ್ತಂಪಟ್ಟಿಯ ಪಕ್ಕದ ಸೋಮನೂರು ವಿದ್ಯುತ್ ಮಗ್ಗಗಳ ಊರು. ಹಾಸಿನಲ್ಲಿ ಒಂದೆಳೆ ಕಡಿದರೆ ನೇಕಾರ ಮಗ್ಗ ನಿಲ್ಲಿಸುತ್ತಾನೆ, ಬೆರಳ ತುದಿಯಲ್ಲಿ ಎಳೆಯ ಕೊನೆ ಹುಡುಕುತ್ತಾನೆ, ಗಂಟು ಬಿಗಿದು ಮತ್ತೆ ಮಗ್ಗ ಓಡಿಸುತ್ತಾನೆ. ಆಮೇಲೆ ನೋಡೋಣ ಎಂದರೆ ಬಟ್ಟೆಯುದ್ದಕ್ಕೂ ಗೆರೆ ಬೀಳುತ್ತದೆ. ಪ್ರಾರ್ಥನೆ ತಪ್ಪಿದ ದಿನವೇ, ಜೊತೆಗಾರನೊಂದಿಗೆ ಮಾತು ನಿಂತ ದಿನವೇ ಗಂಟು ಹಾಕಿಬಿಡಿ.

4. ಬೇಕಾದ್ದನ್ನು ಬಾಯಿಬಿಟ್ಟು ಕೇಳಿ. ಸಂತ ಪೌಲರು ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯ ಅಧ್ಯಾಯ ಓದಿ. ತನ್ನ ಓಟ ಮುಗಿಯಿತೆಂದು ಬರೆದ ಕೈಯೇ, ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿಯನ್ನೂ ಪುಸ್ತಕಗಳನ್ನೂ ತಾ, ಚಳಿಗಾಲಕ್ಕೆ ಮುಂಚೆ ಬಾ ಎಂದು ಕೇಳುತ್ತದೆ. ಜೊತೆಗಾರ ದೇಮ ಬಿಟ್ಟುಹೋಗಿದ್ದ, ಲೂಕನೊಬ್ಬನೇ ಉಳಿದಿದ್ದ. ಚಳಿಯಾಗುತ್ತದೆ, ಒಂಟಿ ಎನಿಸುತ್ತದೆ ಎನ್ನುವುದು ವಿಶ್ವಾಸದ ಕೊರತೆಯಲ್ಲ.

5. ಹಿಂದೆ ಸರಿದವರಿಗೆ ಜಾಗವಿಡಿ. ಅದೇ ಪತ್ರದಲ್ಲಿ ಪೌಲರು ಮಾರ್ಕನನ್ನೂ ಕರೆತರಲು ಹೇಳುತ್ತಾರೆ. ಹಿಂದೊಮ್ಮೆ ಅವರನ್ನು ಬಿಟ್ಟು ಅರ್ಧದಾರಿಯಲ್ಲಿ ಮರಳಿದ್ದ ಅದೇ ಮಾರ್ಕ!

6. ಫಲದ ಲೆಕ್ಕ ದೇವರಿಗೆ ಬಿಡಿ. ಬ್ರೆಸಿಯಾಕ್ 1859ರ ಮೇ 14ರಂದು ಸಿಯೆರಾ ಲಿಯೋನ್‌ನ ಫ್ರೀಟೌನ್‌ನಲ್ಲಿ ಇಳಿದರು. ಊರಲ್ಲಿ ಜ್ವರದ ಪಿಡುಗು. ಜೂನ್ 25ರಂದು ತೀರಿಕೊಂಡರು. ವಯಸ್ಸು 45, ಆಫ್ರಿಕಾದಲ್ಲಿ ಕಳೆದದ್ದು ಆರೇ ವಾರ. ಜೊತೆಗಿದ್ದವರಲ್ಲೂ ಹೆಚ್ಚಿನವರು ಸತ್ತರು. ಸುದ್ದಿ ಲಿಯೋನ್‌ಗೆ ಮುಟ್ಟಿದಾಗ ಸಂಘಕ್ಕೆ ಮೂರು ವರ್ಷವೂ ತುಂಬಿರಲಿಲ್ಲ. ಅಲ್ಲಿದ್ದ ಒಗುಸ್ತೆನ್ ಪ್ಲಾಂಕ್ ಎಂಬ ಗುರು ಅದನ್ನು ಮುಚ್ಚಲಿಲ್ಲ. 1907ರಲ್ಲಿ ತಾವು ಸಾಯುವವರೆಗೂ ನಡೆಸಿದರು. ಇಂದು ಅದೇ ಸಂಘದಲ್ಲಿ ಭಾರತದ ಗುರುಗಳೂ ಇದ್ದಾರೆ, ಇಲ್ಲಿಂದ ಆಫ್ರಿಕಾಕ್ಕೆ ಹೊರಡುತ್ತಾರೆ.