ಓಡುವ ಮಗಳು ಊಟ ಬಿಟ್ಟಾಗ

ಓಟ, ಜಿಮ್ನಾಸ್ಟಿಕ್ಸ್, ಕುಸ್ತಿ ಎಂದು ಬೆವರು ಹರಿಸುವ ಮಕ್ಕಳು ಅನ್ನ, ಎಣ್ಣೆ, ಸಿಹಿ ಬಿಟ್ಟರೆ ಮನೆಯವರು ಅದನ್ನು ಶಿಸ್ತೆಂದು ಮೆಚ್ಚುತ್ತಾರೆ. ಊಟಕ್ಕೆ ಸಂಬಂಧಿಸಿದ ಕಾಯಿಲೆ (ಈಟಿಂಗ್ ಡಿಸಾರ್ಡರ್) ಬೆಳೆಯುವುದು ಈ ಮೆಚ್ಚುಗೆಯ ಮರೆಯಲ್ಲೇ. ಅಮೆರಿಕದ ಮೇರಿ ಕೇನ್ 17ನೇ ವಯಸ್ಸಿಗೇ, 2013ರ ಮಾಸ್ಕೋ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 1500 ಮೀಟರ್ ಫೈನಲ್ ಓಡಿದವರು. ತೂಕ ಇಳಿಸುವ ಒತ್ತಡದಲ್ಲಿ ಮೂರು ವರ್ಷ ಮುಟ್ಟು ನಿಂತಿತ್ತು, ಐದು ಮೂಳೆ ಮುರಿದವು ಎಂದು 2019ರಲ್ಲಿ ಅವರೇ ಹೇಳಿಕೊಂಡರು.

ಮೊದಲು ಗಮನಿಸಿ. ತೂಕ ಸರಿಯಿದ್ದರೂ ಈ ಕಾಯಿಲೆ ಇರಬಹುದು. "ಹಾಸ್ಟೆಲ್‌ನಲ್ಲೇ ತಿಂದೆ" ಎಂಬ ನೆಪ, ಉಂಡೊಡನೆ ಬಚ್ಚಲ ಬಾಗಿಲು ಹಾಕಿಕೊಳ್ಳುವುದು, ತಿಂದದ್ದನ್ನು ಕರಗಿಸಲೆಂದು ರಾತ್ರಿ ಮತ್ತೆ ಓಟ, ಸದಾ ತಣ್ಣಗಿರುವ ಕೈಕಾಲು, ಪದೇ ಪದೇ ಮೂಳೆ ಬಿರುಕು: ಇವು ಸುಳಿವುಗಳು. ಮೂರು ತಿಂಗಳು ಮುಟ್ಟು ನಿಂತರೆ, 15 ತುಂಬಿದರೂ ಮೈನೆರೆಯದಿದ್ದರೆ, "ಆಟ ಆಡುವವರಿಗೆ ಹಾಗೇ" ಎನ್ನುವವರ ಮಾತು ಕೇಳಬೇಡಿ. ಆಹಾರ ಸಾಲದೆ ಈಸ್ಟ್ರೋಜೆನ್ ಇಳಿದಾಗ ಮೂಳೆ ಟೊಳ್ಳಾಗುತ್ತದೆ. ಮೂಳೆ ಗಟ್ಟಿಯಾಗಬೇಕಾದ ವಯಸ್ಸೇ ಅದು. ಆಗ ಕಳೆದುಕೊಂಡದ್ದು ಪೂರ್ತಿ ಮರಳದೆಯೂ ಹೋಗಬಹುದು. ಈ ಕಾಯಿಲೆ ಗಂಡುಮಕ್ಕಳಿಗೂ ಬರುತ್ತದೆ. ಮುಟ್ಟಿನಂಥ ಸ್ಪಷ್ಟ ಗುರುತಿಲ್ಲದೆ ಅವರಲ್ಲಿ ತಡವಾಗಿ ಗೊತ್ತಾಗುತ್ತದೆ.

ಆಮೇಲೆ ಮಾತಾಡಿ, ಆದರೆ ಊಟಕ್ಕೆ ಕೂತಾಗ ಬೇಡ. "ಎಷ್ಟು ಸೊರಗಿದ್ದೀಯಲ್ಲೇ" ಎಂದರೆ ಅವಳ ಕಿವಿಗೆ ಅದು ಹೊಗಳಿಕೆ. "ತುಂಬ ಸುಸ್ತಾಗಿದ್ದೀಯ ಕಣೇ, ನಂಗೆ ಭಯ ಆಗ್ತಿದೆ, ನಾಳೆ ಡಾಕ್ಟರ ಹತ್ರ ಹೋಗೋಣ" ಎಂದರೆ ಸಾಕು. ಸಿಟ್ಟು ಮಾಡಿಕೊಂಡಾಳು, ಅತ್ತಾಳು. ಆದರೂ ಕರೆದುಕೊಂಡು ಹೋಗಿ.

ವೈದ್ಯರು ನಾಡಿ, ಬಿಪಿ, ಇಸಿಜಿ, ರಕ್ತದ ಪೊಟ್ಯಾಸಿಯಂ ನೋಡಲಿ. ಕ್ರೀಡಾಪಟುವಿನ ನಾಡಿ ನಿಧಾನವಿರುವುದು ಸಹಜ ಎಂದುಕೊಂಡು ಪರೀಕ್ಷೆ ಬಿಡಬಾರದು. ತಲೆಸುತ್ತಿ ಬಿದ್ದರೆ, ಎದೆ ಹೊಡೆದುಕೊಂಡರೆ, ಸಾಯುವ ಮಾತಾಡಿದರೆ ಅಂದೇ ಆಸ್ಪತ್ರೆಗೆ ಸೇರಿಸಿ. ಮನೋವೈದ್ಯರೂ ಬೇಕು, ಬೆಂಗಳೂರಿನ ನಿಮ್ಹಾನ್ಸ್ ಇದೆ, ದೂರದವರು ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಬಹಳ ದಿನ ಅರೆಹೊಟ್ಟೆಯಲ್ಲಿದ್ದ ಮಗುವಿಗೆ ಪ್ರೀತಿಯಿಂದಲೇ ಆದರೂ ಒಮ್ಮೆಲೇ ಬಹಳ ಬಡಿಸಬೇಡಿ. ರಕ್ತದ ಫಾಸ್ಫೇಟ್ ಕುಸಿದು ಹೃದಯಕ್ಕೇ ಅಪಾಯವಾಗಬಹುದು. ಎಷ್ಟು, ಹೇಗೆ ಹೆಚ್ಚಿಸಬೇಕೆಂದು ವೈದ್ಯರನ್ನೇ ಕೇಳಿ. ಅವರು ಹೇಳಿದಷ್ಟನ್ನು ಮುದ್ದೆ, ಅನ್ನ, ಮೊಸರು ಎಂದು ಮನೆಯ ಅಡುಗೆಯಲ್ಲೇ ಕೊಟ್ಟು, ಪ್ರತಿ ಹೊತ್ತೂ ಯಾರಾದರೊಬ್ಬರು ಜೊತೆಗೆ ಕೂತು ಉಣ್ಣಿ. ಕೆಲವು ತಿಂಗಳು ಈ ಹೊಣೆ ಮಗುವಿನದಲ್ಲ, ನಿಮ್ಮದು. ತೂಕದ ಯಂತ್ರವನ್ನು ಎತ್ತಿಡಿ.

ಕೋಚ್‌ಗೆ ವೈದ್ಯರ ಚೀಟಿ ತಲುಪಿಸಿ: ವೈದ್ಯರು ಒಪ್ಪುವವರೆಗೆ ಅಭ್ಯಾಸವಿಲ್ಲ, ಎಲ್ಲರೆದುರು ತೂಕ ನೋಡುವಂತಿಲ್ಲ. ಇದಕ್ಕೆ ಒಪ್ಪದ ಕೋಚ್ ಬಳಿ ಮಗುವನ್ನು ಬಿಡಬೇಡಿ. ಪದಕ ಕೈತಪ್ಪಿದರೂ ಸರಿ. ಅಭ್ಯಾಸ ನಿಂತ ದಿನಗಳಲ್ಲಿ ತಂಡದ ಗೆಳತಿಯರು ಮಾತ್ರ ಮನೆಗೆ ಬಂದು ಹೋಗುತ್ತಿರಲಿ.