ಹಸಿರು ಉಳಿದರೆ ಸಾಕೇ? ಚವಳಿಕಾಯಿ ಬೇಯಿಸಿ ಕಲಿಸಿದ ಆಮ್ಲ–ಪ್ರತ್ಯಾಮ್ಲ ಪಾಠ

ತರಗತಿ: 7
ವಿಷಯ: ವಿಜ್ಞಾನ
ಘಟಕ: ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು
ಅವಧಿ: 40 ನಿಮಿಷಗಳ ಎರಡು ತರಗತಿಗಳು
ಸ್ಥಳ: ಹಿಂಡಲಗಾದ ಒಂದು ಶಾಲೆ

ಹಿನ್ನೆಲೆ

ಈ ಘಟಕವನ್ನು ಅಭ್ಯಾಸ ಬೋಧನೆಯಲ್ಲಿ ನಾವು ಸಾಮಾನ್ಯವಾಗಿ ಲಿಟ್ಮಸ್ ಕಾಗದದಿಂದ ಆರಂಭಿಸುತ್ತೇವೆ. ನೀಲಿ ಕೆಂಪಾಯಿತು, ಕೆಂಪು ನೀಲಿಯಾಯಿತು ಎಂದು ಮಕ್ಕಳು ಬರೆದುಕೊಳ್ಳುತ್ತಾರೆ. ಮನೆಗೆ ಹೋದ ಮೇಲೆ ಆ ಕಾಗದ ಅವರ ಕೈಗೆ ಸಿಗುವುದಿಲ್ಲ. ಆದರೆ ಹುಣಸೆಹಣ್ಣಿನ ಟಾರ್ಟಾರಿಕ್ ಆಮ್ಲ, ನಿಂಬೆಯ ಸಿಟ್ರಿಕ್ ಆಮ್ಲ, ಪ್ರತ್ಯಾಮ್ಲೀಯ ಗುಣದ ಅಡುಗೆ ಸೋಡಾ ಇವೆಲ್ಲ ಮನೆಯ ಒಲೆಯ ಪಕ್ಕದಲ್ಲೇ ಇರುತ್ತವೆ. ಆದ್ದರಿಂದ ಒಂದು ಸಾದಾ ಪಲ್ಯವನ್ನೇ ಪ್ರಯೋಗ ಮಾಡಿಕೊಂಡೆ.

ಕಲಿಕಾ ಫಲಗಳು

1. ಹುಳಿ ಮತ್ತು ಸೋಡಾ ಹಸಿರು ತರಕಾರಿಯ ಮೇಲೆ ಮಾಡುವ ಪರಿಣಾಮವನ್ನು ಮಕ್ಕಳು ವೀಕ್ಷಿಸಿ ದಾಖಲಿಸುವರು.
2. ಅರಿಶಿಣವನ್ನು ಸೂಚಕವಾಗಿ ಬಳಸುವರು.
3. ಕಲಿತದ್ದನ್ನು ತಾವು ನೋಡಿರದ ತರಕಾರಿಯೊಂದಕ್ಕೆ ಅನ್ವಯಿಸುವರು.

ಸಾಮಗ್ರಿ

ಒಂದೇ ಅಳತೆಯ 3 ಸ್ಟೀಲ್ ಪಾತ್ರೆ, ಸಣ್ಣ ಗ್ಯಾಸ್ ಒಲೆ, ಪ್ರತಿ ಪಾತ್ರೆಗೆ 100 ಗ್ರಾಂ ಚವಳಿಕಾಯಿ ಮತ್ತು ಅರ್ಧ ಲೀಟರ್ ನೀರು, 2 ಚಮಚ ಗಟ್ಟಿ ಹುಣಸೆರಸ, ಕಾಲು ಚಮಚ ಅಡುಗೆ ಸೋಡಾ, ಅರಿಶಿಣ, ಬಿಳಿ ತಟ್ಟೆಗಳು. ಒಲೆ ಹೊತ್ತಿಸುವುದು, ಬಿಸಿ ಪಾತ್ರೆ ಇಳಿಸುವುದು ನನ್ನ ಕೆಲಸ. ಮಕ್ಕಳು ಒಲೆಯಿಂದ ದೂರ ಅರ್ಧವೃತ್ತವಾಗಿ ನಿಂತರು.

ಮೊದಲ ತರಗತಿ

ತೊಡಗಿಸಿಕೊಳ್ಳುವಿಕೆಯ ಹಂತದಲ್ಲೇ ಒಂದು ತೊಡಕು ಬಂತು. "ಇಂದು ಚವಳಿಕಾಯಿ ಬೇಯಿಸೋಣ" ಎಂದಾಗ ಮನೆಯಲ್ಲಿ ಮರಾಠಿ ಆಡುವ ಮಕ್ಕಳು ಅಲಸಂದೆಯನ್ನು ನೆನೆಸಿಕೊಂಡರು. ಅವರ ಚವಳಿ ಅದೇ. ನಮ್ಮ ಚವಳಿಕಾಯಿ ಅವರಿಗೆ ಗವಾರ, ದಕ್ಷಿಣದ ಕಡೆಯವರಿಗೆ ಗೋರಿಕಾಯಿ. ಕಾಯಿಯನ್ನು ಕೈಯಲ್ಲಿ ಎತ್ತಿ ತೋರಿಸಿ, ಮೂರು ಹೆಸರನ್ನೂ ಕಪ್ಪುಹಲಗೆಯ ಮೇಲೆ ಬರೆದ ನಂತರ ಪಾಠ ಮುಂದೆ ಸಾಗಿತು.

ಪರಿಶೋಧನೆಯಲ್ಲಿ ಮೊದಲ ಪಾತ್ರೆಗೆ ಬರೀ ನೀರು, ಎರಡನೆಯದಕ್ಕೆ ಹುಣಸೆರಸ ಸೇರಿಸಿದ ನೀರು, ಮೂರನೆಯದಕ್ಕೆ ಸೋಡಾ ಸೇರಿಸಿದ ನೀರು. ಕುದಿ ಬಂದ ಮೇಲೆ ಕಾಯಿ ಹಾಕಿ, ಮುಚ್ಚಳವಿಲ್ಲದೆ 10 ನಿಮಿಷ ಬೇಯಿಸಿದೆ. ಮೊದಲ ನಿಮಿಷದಲ್ಲಿ ಬರೀ ನೀರಿನ ಕಾಯಿ ಹಸಿಯಾಗಿದ್ದಾಗಿಗಿಂತ ಹೆಚ್ಚು ಹಸಿರಾಗಿ ಕಂಡಿತು. ಜೀವಕೋಶಗಳ ನಡುವಿನ ಗಾಳಿ ಹೊರಬೀಳುವುದರಿಂದ ಹೀಗಾಗುತ್ತದೆ. ಹುಣಸೆಯ ಪಾತ್ರೆಯಲ್ಲಿ ಕಾಯಿ ಬೇಗನೆ ಕಂದು ಛಾಯೆಗೆ ತಿರುಗಿತು. ಸೋಡಾದ ಪಾತ್ರೆಯಲ್ಲಿ ಹೊಳೆಯುವ ಹಸಿರು ಉಳಿಯಿತು.

ವಿವರಣೆಗೆ ನಾನು ಇಷ್ಟು ಹೇಳಿದೆ: ಪತ್ರಹರಿತ್ತಿನ ಅಣುವಿನ ನಡುವೆ ಮೆಗ್ನೀಸಿಯಂ ಇದೆ. ಬಿಸಿ ಮತ್ತು ಆಮ್ಲ ಸೇರಿದಾಗ ಅದು ಹೊರಬಿದ್ದು, ಅದರ ಜಾಗಕ್ಕೆ ಹೈಡ್ರೋಜನ್ ಬರುತ್ತದೆ. ಹಾಗೆ ಉಂಟಾದ ಫಿಯೋಫೈಟಿನ್‌ನ ಬಣ್ಣ ಮಂಕು ಕಂದುಹಸಿರು. ಸೋಡಾ ಆಮ್ಲವನ್ನು ತಟಸ್ಥಗೊಳಿಸುವುದರಿಂದ ಹಸಿರು ಉಳಿಯುತ್ತದೆ. ಗಂಟೆ ಬಾರಿಸಿತು. ಪಾಠ ಚೆನ್ನಾಯಿತೆಂದು ನಾನೂ ತಿಳಿದೆ.

ಎಲ್ಲಿ ತಪ್ಪಿತು

ಮರುದಿನ ಬೆಳಿಗ್ಗೆ ಒಬ್ಬ ವಿದ್ಯಾರ್ಥಿನಿ ಬಂದು ಹೇಳಿದಳು: "ಟೀಚರ್, ನಿನ್ನಿ ಮನ್ಯಾಗ ಅವ್ವಗ ಹೇಳಿ ಪಲ್ಯಾಕ ಸೋಡಾ ಹಾಕ್ಸಿದ್ನಿರಿ. ಅರಿಶಿಣ ಹಾಕಿದ ಕೂಡ್ಲೆ ಕೆಂಪಾತ್ರಿ. ಕಾಯಿ ಎಲ್ಲಾ ಕರಗಿ ಮುದ್ದಿ ಆತು. ಅವ್ವ ಬೈದ್ಲು. ನೀವ ಹೇಳಿದ್ರಲ್ರಿ, ಸೋಡಾ ಚಲೋ ಅಂತ."

ನಾನು ಹಾಗೆ ಹೇಳಿರಲಿಲ್ಲ. ಆದರೆ ನನ್ನ ವೀಕ್ಷಣಾ ಪಟ್ಟಿ ಹಾಗೆಯೇ ಹೇಳಿತ್ತು. ಅದರಲ್ಲಿದ್ದದ್ದು 'ಬಣ್ಣ' ಎಂಬ ಒಂದೇ ಕಾಲಂ. ಬಣ್ಣದಲ್ಲಿ ಗೆದ್ದದ್ದು ಸೋಡಾ. ಮಕ್ಕಳು ಪಟ್ಟಿಯಿಂದ ತೆಗೆಯಬಹುದಾದ ತೀರ್ಮಾನವನ್ನೇ ತೆಗೆದಿದ್ದರು, ಒಬ್ಬಳು ಅದನ್ನು ಊಟದ ತಟ್ಟೆಯವರೆಗೂ ಒಯ್ದಿದ್ದಳು. ಮಾರ್ಗದರ್ಶಕ ಅಧ್ಯಾಪಕರೊಂದಿಗೆ ಮಾತನಾಡಿ, ಎರಡನೆಯ ತರಗತಿಯನ್ನು ಲಿಟ್ಮಸ್‌ಗೆ ಬಿಡದೆ ಇದೇ ಪ್ರಯೋಗದ ಮರುಪಾಠಕ್ಕೆ ಬಳಸಿದೆ.

ಮರುಪಾಠ

ಈ ಸಲ ಪಟ್ಟಿಯಲ್ಲಿ ನಾಲ್ಕು ಕಾಲಂ: ಬಣ್ಣ, ಚಮಚದಿಂದ ಒತ್ತಿದಾಗ ಗಟ್ಟಿಯೋ ಮೆತ್ತಗೋ, ಬೇಯಿಸಿದ ನೀರಿನ ಬಣ್ಣ, ಆ ನೀರಿಗೆ ಅರಿಶಿಣ ಹಾಕಿದಾಗ ಬಂದ ಬಣ್ಣ. ಮಕ್ಕಳು ತಾವೇ ತುಂಬಿದ ಫಲಿತಾಂಶ ಹೀಗಿತ್ತು.

ಬರೀ ನೀರು: ಸ್ವಲ್ಪ ಮಂಕಾದ ಹಸಿರು, ಹದವಾಗಿ ಮೆತ್ತಗೆ, ನೀರು ತಿಳಿ, ಅರಿಶಿಣ ಹಳದಿ.
ಹುಣಸೆ: ಕಂದುಹಸಿರು, ಇನ್ನೂ ಗಟ್ಟಿ, ನೀರು ಕಂದು, ಅರಿಶಿಣ ಹಳದಿ.
ಸೋಡಾ: ಹೊಳೆಯುವ ಹಸಿರು, ಒತ್ತಿದರೆ ಮುದ್ದೆ, ನೀರು ಹಸಿರು, ಅರಿಶಿಣ ಕೆಂಪು.

ಮನೆಯಲ್ಲಿ ಪಲ್ಯ ಕೆಂಪಾದದ್ದೇಕೆ ಎಂಬುದಕ್ಕೆ ಆ ವಿದ್ಯಾರ್ಥಿನಿಯೇ ಉತ್ತರ ಹೇಳಿದಳು. ಅರಿಶಿಣ ಸೂಚಕ ಎಂಬ ಪಠ್ಯದ ಮಾತು ಅವಳ ಅಡುಗೆಮನೆಯಲ್ಲಿ ಮೊದಲೇ ಸಾಬೀತಾಗಿತ್ತು. ಮುದ್ದೆಯಾದ ಕಾರಣವನ್ನು ನಾನು ವಿವರಿಸಿದೆ. ತರಕಾರಿಯ ಕೋಶಭಿತ್ತಿಗಳನ್ನು ಹಿಡಿದಿಡುವ ಪೆಕ್ಟಿನ್ ಮುಂತಾದ ಪದಾರ್ಥಗಳನ್ನು ಪ್ರತ್ಯಾಮ್ಲ ಬೇಗ ಒಡೆಯುತ್ತದೆ, ಆಮ್ಲ ಅವು ಒಡೆಯದಂತೆ ತಡೆಯುತ್ತದೆ. ಸೋಡಾ ಹಾಕಿ ಬೇಯಿಸಿದರೆ ವಿಟಮಿನ್ ಸಿ ಮತ್ತು ಥಯಾಮಿನ್ ಕೂಡ ಹೆಚ್ಚು ನಾಶವಾಗುತ್ತವೆ. ಇದು ಕಣ್ಣಿಗೆ ಕಾಣದ ಫಲಿತಾಂಶ, ಆದ್ದರಿಂದ ಶಿಕ್ಷಕರೇ ಹೇಳಬೇಕು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಬಿಸಿಯೂಟದ ಅಡುಗೆಯವರು ಆಗ ಒಂದು ಮಾತು ಸೇರಿಸಿದರು: "ಹುಳಿ ಮೊದಲ ಹಾಕಿದ್ರ ಬ್ಯಾಳಿನೂ ಬೇಯೂದಿಲ್ರಿ." ಅದನ್ನೂ ಹಲಗೆಯ ಮೇಲೆ ಬರೆದೆವು.

ನಂತರ ಬರೀ ನೀರಿನಲ್ಲಿ ಬೆಂದ ಕಾಯಿಯನ್ನು ಸೋಸಿ ಪಲ್ಯ ಮಾಡಿದೆವು. 2 ಚಮಚ ಎಣ್ಣೆ, ಸಾಸಿವೆ, ಜೀರಿಗೆ, ಹೆಚ್ಚಿದ ಉಳ್ಳಾಗಡ್ಡಿ. ಮೇಲೆ ಕಾಯಿ, ಉಪ್ಪು, ಖಾರಪುಡಿ, ಚಿಟಿಕೆ ಅರಿಶಿಣ, ಶೇಂಗಾಪುಡಿ. ಒಲೆ ಆರಿಸುವ ಮುನ್ನ ಒಂದು ಚಮಚ ಹುಣಸೆರಸ, ಚೂರು ಬೆಲ್ಲ. ಹುಳಿ ಕೊನೆಗೆ ಬಿದ್ದದ್ದರಿಂದ ಬಣ್ಣವೂ ಉಳಿಯಿತು, ಕಾಯಿಯೂ ಬೆಂದಿತ್ತು.

ಮೌಲ್ಯಮಾಪನ

ಚವಳಿಕಾಯಿಯ ಮೇಲೆಯೇ ಪ್ರಶ್ನೆ ಕೇಳಿದರೆ ನೆನಪಿನ ಪರೀಕ್ಷೆಯಾಗುತ್ತದೆ. ಅನ್ವಯವನ್ನು ಅಳೆಯಲು ಮಕ್ಕಳು ನೋಡಿರದ ತರಕಾರಿ ಬೇಕಿತ್ತು. ಆಸ್ಪ್ಯಾರಗಸ್‌ನ ಚಿತ್ರ ತೋರಿಸಿದೆ. ಇದು ಆಯುರ್ವೇದದಲ್ಲಿ ಬೇರಿಗಾಗಿ ಹೆಸರಾದ ನಮ್ಮ ಶತಾವರಿಯ ಕುಲದ್ದೇ ಸಸ್ಯ. ಯುರೋಪ್, ಅಮೆರಿಕದಲ್ಲಿ ಇದರ ಎಳೆಯ ಕುಡಿಗಳನ್ನು ಕುದಿಯುವ ಉಪ್ಪುನೀರಿನಲ್ಲಿ ಕೆಲವೇ ನಿಮಿಷ ಬೇಯಿಸಿ, ಬೆಣ್ಣೆ ಮತ್ತು ನಿಂಬೆರಸದೊಂದಿಗೆ ಊಟಕ್ಕೆ ನಂಜಿಕೊಳ್ಳುತ್ತಾರೆ. ಪ್ರಶ್ನೆ: "ನಿಂಬೆರಸವನ್ನು ಯಾವಾಗ ಹಾಕುವಿರಿ? ಸೋಡಾ ಹಾಕುವಿರಾ? ಕಾರಣ ಕೊಡಿ."

ಹೆಚ್ಚಿನವರು 'ಕೊನೆಗೆ' ಎಂದು ಬರೆದರು. ಕಾರಣ ಬರೆಯದವರಿಗೆ ಅರ್ಧ ಅಂಕ ಮಾತ್ರ ಕೊಟ್ಟೆ. ಒಂದು ಉತ್ತರ ಹೀಗಿತ್ತು: "ಮೊದಲು ಹಾಕಿದರೆ ಬಣ್ಣ ಹೋಗುತ್ತದೆ, ಬೇಯುವುದೂ ತಡವಾಗುತ್ತದೆ. ತಾಟಿಗೆ ಬಂದ ಮೇಲೆ ಹಿಂಡಬೇಕು. ಸೋಡಾ ಬೇಡ. ಬರೀ ನೋಡಲಿಕ್ಕೆ ಚಂದ."

ಸಹ ಪ್ರಶಿಕ್ಷಣಾರ್ಥಿಗಳಿಗೆ

1. ವೀಕ್ಷಣಾ ಪಟ್ಟಿ ಬರೆದ ಮೇಲೆ, 'ಇದನ್ನಷ್ಟೇ ನೋಡಿದ ಮಗು ಏನು ತೀರ್ಮಾನಿಸುತ್ತದೆ?' ಎಂದು ಒಮ್ಮೆ ಕೇಳಿಕೊಳ್ಳಿ. ಪಾಠಯೋಜನೆಯಲ್ಲಿ ನಾನು ಈ ಹಂತವನ್ನೇ ಬಿಟ್ಟಿದ್ದೆ.
2. ತರಕಾರಿಯ ಹೆಸರು ಊರಿಂದೂರಿಗೆ ಬದಲಾಗುತ್ತದೆ. ಹೆಸರು ಹೇಳುವ ಮೊದಲು ವಸ್ತುವನ್ನು ತೋರಿಸಿ.
3. ಮರುದಿನದ ಮೊದಲ 5 ನಿಮಿಷವನ್ನು 'ಮನೆಯಲ್ಲಿ ಏನು ಮಾಡಿ ನೋಡಿದಿರಿ?' ಎಂಬ ಪ್ರಶ್ನೆಗೆ ಮೀಸಲಿಡಿ. ನನ್ನ ಪಾಠದ ತಪ್ಪು ತಿಳಿದದ್ದು ಆ ವಿದ್ಯಾರ್ಥಿನಿ ತಾನಾಗಿ ಬಂದು ಹೇಳಿದ್ದರಿಂದ. ಹೇಳದೆ ಉಳಿದವರೂ ಇದ್ದಿರಬಹುದು.
4. ಚವಳಿಕಾಯಿ ಸಿಗದಿದ್ದರೆ ಬೀನ್ಸ್ ಆಗುತ್ತದೆ. ಸೊಪ್ಪು ಬೇಡ, ಬರೀ ನೀರಿನಲ್ಲೂ ಬೇಗ ಮೆತ್ತಗಾಗುವುದರಿಂದ ಎರಡನೆಯ ಕಾಲಂನಲ್ಲಿ ವ್ಯತ್ಯಾಸ ಸ್ಪಷ್ಟವಾಗುವುದಿಲ್ಲ.