ಆಪ್ತಸಮಾಲೋಚನೆ ಓದುವ ಮಗಳು ಮೌನವಾದಾಗ

ಎಂ.ಎಸ್ಸಿ. ಎರಡನೇ ಸೆಮಿಸ್ಟರಿನ ಹೊತ್ತಿಗೆ ತಂದೆ ತಾಯಿಯರಿಂದ ನನಗೆ ಬರುವ ಫೋನುಗಳು ಹೆಚ್ಚಾಗುತ್ತವೆ. ಕೌನ್ಸೆಲಿಂಗ್ ಸೈಕಾಲಜಿ, ಅಂದರೆ ಆಪ್ತಸಮಾಲೋಚನಾ ಮನಃಶಾಸ್ತ್ರ ಓದುವವರ ತರಬೇತಿ ನೋಡಿಕೊಳ್ಳುವ ಕೆಲಸ ನನ್ನದು. "ಮೇಡಂ, ಚೆನ್ನಾಗಿ ಮಾತಾಡ್ಕೊಂಡಿದ್ದ ಹುಡುಗಿ. ಈಗ ಮನೆಗೆ ಬಂದ್ರೆ ರೂಮು ಸೇರ್ಕೊಂಡ್ಬಿಡ್ತಾಳೆ. ಇವತ್ತೇನಾಯ್ತು ಅಂದ್ರೆ ಹೇಳಲ್ಲ. ಮೊನ್ನೆ ಇದ್ದಕ್ಕಿದ್ದ ಹಾಗೆ, ಚಿಕ್ಕೋಳಿದ್ದಾಗ ನನ್ನನ್ಯಾಕೆ ಅಕ್ಕನ ಜೊತೆ ಹೋಲಿಸ್ತಿದ್ರಿ ಅಂತ ಅತ್ತುಬಿಟ್ಟಳು. ಬೇರೆಯವರ ಕಷ್ಟ ಕೇಳೋಕೆ ಹೋಗಿ ಇವಳಿಗೇ ಏನಾದ್ರೂ ಆಯ್ತಾ?"

ಈ ಆತಂಕ ಸಹಜ. ಆದರೆ ನಾನು ಕಂಡ ಬಹುಪಾಲು ಮಕ್ಕಳಲ್ಲಿ ಇದು ಕಾಯಿಲೆಯಾಗಿರಲಿಲ್ಲ, ಓದು ಮೈಗೆ ಹತ್ತುತ್ತಿದ್ದ ಲಕ್ಷಣವಾಗಿತ್ತು. ಯಾಕೆ ಹೀಗಾಗುತ್ತದೆ ಎಂದು ತಿಳಿಯಲು ಆ ತರಗತಿಯೊಳಗೆ ಒಮ್ಮೆ ಇಣುಕಬೇಕು.

ನಾವು ವಿದ್ಯಾರ್ಥಿಗಳನ್ನು ಮೂವರು ಮೂವರಾಗಿ ಕೂರಿಸುತ್ತೇವೆ. ಒಬ್ಬರು ತಮ್ಮದೇ ಒಂದು ಸಣ್ಣ ಕಷ್ಟ ಹೇಳಿಕೊಳ್ಳಬೇಕು, ಇನ್ನೊಬ್ಬರು ಸಮಾಲೋಚಕರಾಗಿ ಕೇಳಬೇಕು, ಮೂರನೆಯವರು ಇಬ್ಬರನ್ನೂ ಗಮನಿಸಬೇಕು. ಒಪ್ಪಿಗೆ ಪಡೆದು ಅದನ್ನು ರೆಕಾರ್ಡ್ ಮಾಡಿಕೊಂಡು, ಆಮೇಲೆ ಒಂದಕ್ಷರ ಬಿಡದೆ ಬರೆದು ತರಬೇಕು. ಇದನ್ನು ವರ್ಬ್ಯಾಟಿಮ್ ಎನ್ನುತ್ತೇವೆ, ಆಡಿದ ಮಾತಿನ ಯಥಾವತ್ ಪ್ರತಿ. "ಹೂಂ" ಎಂದದ್ದು, ಸುಮ್ಮನಾದದ್ದು, ಮಧ್ಯೆ ನಕ್ಕದ್ದು ಎಲ್ಲವೂ ಅದರಲ್ಲಿರಬೇಕು. ಹತ್ತು ನಿಮಿಷದ ಮಾತನ್ನು ಬರೆದು ಮುಗಿಸುವಷ್ಟರಲ್ಲಿ ಒಂದು ಸಂಜೆಯೇ ಕಳೆದಿರುತ್ತದೆ.

ಆ ಹಾಳೆಯನ್ನು ಮುಂದಿಟ್ಟುಕೊಂಡು ಮೇಲ್ವಿಚಾರಕರು ಓದುತ್ತಾರೆ. "ಅಪ್ಪ ಹೋದ ಮೇಲೆ ಊರಿಗೆ ಹೋಗೋಕೇ ಮನಸ್ಸಾಗಲ್ಲ" ಎಂದು ಒಬ್ಬರು ಹೇಳಿದ್ದಾರೆ. ವಿದ್ಯಾರ್ಥಿನಿ ತಕ್ಷಣ "ಹಾಗೆಲ್ಲ ಅನ್ಕೋಬೇಡಿ, ಅಮ್ಮ ಇದ್ದಾರಲ್ಲ" ಎಂದಿದ್ದಾಳೆ. ಆ ಸಾಲಿಗೆ ಪೆನ್ಸಿಲಿನ ಸುತ್ತು ಬೀಳುತ್ತದೆ. ಇಷ್ಟು ಬೇಗ ಸಮಾಧಾನ ಯಾಕೆ ಹೇಳಿದಿರಿ? ಅವರ ದುಃಖವನ್ನು ಕೇಳಿಸಿಕೊಳ್ಳಲು ಆಗಲಿಲ್ಲವೋ, ನಿಮ್ಮದೇ ಯಾವುದೋ ನೋವು ಅಡ್ಡ ಬಂತೋ? ಇದಕ್ಕೆ ಉತ್ತರ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಆಕೆ ತನ್ನ ಬಾಲ್ಯವನ್ನೇ ತಡಕಬೇಕಾಗುತ್ತದೆ. ಅಕ್ಕನ ಜೊತೆಗಿನ ಹೋಲಿಕೆ ನೆನಪಾದದ್ದು ಹೀಗೆ. ಅದನ್ನು ದೂರು ಎಂದುಕೊಳ್ಳಬೇಡಿ. ಆ ಹೊತ್ತಿಗೆ "ನಿನಗೇನು ಕಡಿಮೆ ಮಾಡಿದ್ದೆವು?" ಎನ್ನುವ ಬದಲು "ಆಗ ನಿನಗೆ ಅಷ್ಟು ಬೇಜಾರಾಗಿತ್ತಾ?" ಎಂದರೆ ಸಾಕು.

ಅಮೆರಿಕದ ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರ ಒಂದು ಪ್ರಸಿದ್ಧ ಲೇಖನದಲ್ಲಿ ಸಮಾಲೋಚಕರಿಗೆ ಇರಬೇಕಾದ ಗುಣಗಳನ್ನು ವಿವರಿಸಿದರು. ಎಂಪಥಿ, ಅಂದರೆ ಎದುರಿನವರ ಜಾಗದಲ್ಲಿ ನಿಂತು ನೋಡುವುದು. ಷರತ್ತಿಲ್ಲದೆ ಅವರನ್ನು ಸ್ವೀಕರಿಸುವುದು. ಒಳಗೊಂದು ಹೊರಗೊಂದು ಇಲ್ಲದಿರುವುದು. ಮೂರನೆಯದೇ ಕಷ್ಟದ್ದು ಎಂದು ನನ್ನ ಅನಿಸಿಕೆ. ಮಕ್ಕಳು ಮನೆಯಲ್ಲಿ ತುಸು ಒರಟಾಗಿ, ನೇರವಾಗಿ ಮಾತಾಡತೊಡಗುವುದೂ ಇದರಿಂದಲೇ.

ಇನ್ನು ಆ ಮೌನ. ತರಬೇತಿಯ ಭಾಗವಾಗಿ ಅವರು ಶಾಲೆ, ಆಸ್ಪತ್ರೆ, ಸೇವಾಸಂಸ್ಥೆಗಳಿಗೆ ಹೋಗುತ್ತಾರೆ. ಅಲ್ಲಿ ಕೇಳಿದ್ದನ್ನು ಮನೆಯಲ್ಲಿ ಹೇಳುವಂತಿಲ್ಲ. ಗೋಪ್ಯತೆ ಈ ವೃತ್ತಿಯ ಮೊದಲ ನಿಯಮ. ಕೇಳಿದ್ದು ಭಾರವಾದಾಗ ಇಳಿಸಿಕೊಳ್ಳಲು ಮೇಲ್ವಿಚಾರಕರಿದ್ದಾರೆ. ಹಲವರು ತಾವೇ ಒಬ್ಬ ಸಮಾಲೋಚಕರ ಹತ್ತಿರ ಹೋಗುತ್ತಾರೆ, ಅದೂ ಕಲಿಕೆಯ ಭಾಗವೇ. ಆದರೆ ಊಟ, ನಿದ್ದೆ ಎರಡೂ ಕೆಟ್ಟು ವಾರಗಟ್ಟಲೆ ಸರಿಹೋಗದಿದ್ದರೆ, ತರಗತಿಗೇ ಹೋಗದಿದ್ದರೆ, ಅದು ಬೇರೆ ಮಾತು. ಆಗ ಮೇಲ್ವಿಚಾರಕರನ್ನೋ ಮನೋವೈದ್ಯರನ್ನೋ ಕಾಣುವಂತೆ ನೀವೇ ಹೇಳಿ.

ನಿಮ್ಮಿಂದ ಆಗುವ ಒಂದು ದೊಡ್ಡ ಸಹಾಯವಿದೆ. ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತದೆ, ಜನ ಅಳುವುದು ಕನ್ನಡದಲ್ಲಿ. 'ಆಂಗ್ಸೈಟಿ' ಎಂದು ಕಲಿತ ಹುಡುಗಿಯ ಮುಂದೆ ಒಬ್ಬ ತಾಯಿ "ಎದೆ ಡವಡವ ಅಂತದೆ, ಹೊಟ್ಟೆಯೊಳಗೆ ಸಂಕಟ" ಎಂದಾಗ ಆಕೆ ತಬ್ಬಿಬ್ಬಾಗುವುದನ್ನು ಕಂಡಿದ್ದೇನೆ. ಅಜ್ಜಿ ಹೇಗೆ ಹೇಳುತ್ತಿದ್ದರು, ನಿಮ್ಮ ಊರ ಕಡೆ ಏನೆನ್ನುತ್ತಾರೆ ಎಂದು ಮನೆಯಲ್ಲಿ ಮಾತಾಡಿ. ಆ ಮಾತುಗಳು ಅವಳಿಗೆ ಬೇರೆಲ್ಲೂ ಸಿಗುವುದಿಲ್ಲ.

ಈ ಓದು ಹೊಸ ಹುಚ್ಚೂ ಅಲ್ಲ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರ ವಿಭಾಗ ಕಟ್ಟಿದ್ದು 1924ರಲ್ಲಿ. ಆದರೆ ವೃತ್ತಿಯಾಗಿ ನೋಡಿದರೆ ನಿಯಮಗಳು ಇನ್ನೂ ಗಟ್ಟಿಯಾಗುತ್ತಿವೆ. ಮನೋವೈದ್ಯರು ವೈದ್ಯಕೀಯ ಓದಿದವರು, ಔಷಧಿ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಕೌನ್ಸೆಲಿಂಗ್ ಎಂ.ಎಸ್ಸಿ. ಒಂದರಿಂದಲೇ ಆ ನೋಂದಣಿ ಸಿಗುವುದಿಲ್ಲ. ಕೇಂದ್ರ ಸರ್ಕಾರದ 2021ರ ಆರೋಗ್ಯಸೇವಾ ವೃತ್ತಿಗಳ ಕಾಯ್ದೆ ಇತರ ಮನಃಶಾಸ್ತ್ರಜ್ಞರನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಅದರ ಬೆನ್ನಿಗೇ 2025ರಲ್ಲಿ ಯುಜಿಸಿ, ಮನಃಶಾಸ್ತ್ರವನ್ನು ದೂರಶಿಕ್ಷಣದಲ್ಲೂ ಆನ್‌ಲೈನಿನಲ್ಲೂ ಹೊಸದಾಗಿ ಕಲಿಸದಂತೆ ತಡೆಯಿತು. ಪೆನ್ಸಿಲಿನ ಸುತ್ತು ಅಂಚೆಯಲ್ಲಿ ಬರುವುದಿಲ್ಲವಲ್ಲ. ಹಾಗಾಗಿ ಶುಲ್ಕ ಕಟ್ಟುವ ಮೊದಲು ಕಾಲೇಜಿನಲ್ಲಿ ಕೇಳಬೇಕಾದದ್ದು ಕಟ್ಟಡದ ಬಗ್ಗೆ ಅಲ್ಲ. ಮೇಲ್ವಿಚಾರಣೆಯಲ್ಲಿ ಎಷ್ಟು ಗಂಟೆ ನಿಜವಾದ ಕೆಲಸ ಮಾಡಿಸುತ್ತೀರಿ, ಒಬ್ಬ ಮೇಲ್ವಿಚಾರಕರಿಗೆ ಎಷ್ಟು ವಿದ್ಯಾರ್ಥಿಗಳು ಎಂದು ಕೇಳಿ.

ಗಳಿಕೆ ಮೊದಲ ಕೆಲವು ವರ್ಷ ನಿಧಾನ. ಎಂಜಿನಿಯರಾದ ಚಿಕ್ಕಪ್ಪನ ಮಗನ ಸಂಬಳವನ್ನು ಊಟದ ಹೊತ್ತಿನಲ್ಲಿ ಎತ್ತಬೇಡಿ. ಅಕ್ಕನ ಹೋಲಿಕೆಯೇ ಇನ್ನೊಂದು ವೇಷದಲ್ಲಿ ಬಂದಂತಾಗುತ್ತದೆ.

ಕೊನೆಯದಾಗಿ, ಪ್ರೀತಿಯಿಂದಲೇ ಆಗುವ ಒಂದು ತಪ್ಪು. "ನಮ್ಮ ಮಗಳು ಕೌನ್ಸೆಲಿಂಗ್ ಓದ್ತಾಳೆ, ನಿಮ್ಮ ಹುಡುಗನನ್ನ ಕಳಿಸಿ" ಎಂದು ಪಕ್ಕದ ಮನೆಯವರಿಗೆ ಹೇಳಿಬಿಡುವುದು. ಅದರ ಹಿಂದಿರುವುದು ಹೆಮ್ಮೆ, ಗೊತ್ತು. ಆದರೆ ಬಲ್ಲವರಿಗೆ, ನೆಂಟರಿಗೆ ಸಮಾಲೋಚನೆ ಮಾಡಬಾರದು ಎಂಬುದು ಆಕೆಯ ವೃತ್ತಿಧರ್ಮ. ಇಲ್ಲವೆಂದರೆ ನಿಮ್ಮ ಮಾತು ಹೋಗುತ್ತದೆ, ಹೂಂ ಎಂದರೆ ಅವಳ ಧರ್ಮ ಹೋಗುತ್ತದೆ. ಅವಳನ್ನು ಆ ಇಕ್ಕಟ್ಟಿಗೆ ಸಿಲುಕಿಸಬೇಡಿ. ಪಕ್ಕದ ಮನೆಯವರಿಗೆ ಟೆಲಿ ಮಾನಸ್ ಸಹಾಯವಾಣಿಯ ನಂಬರ್ ಬರೆದುಕೊಡಿ: 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.